ಮೂರು ಊರು, ಒಂದು ಹಾಡಿನ ಗಂಟು

"ಏನಕ್ಕಾ, ನಾಟಕ ಕಂಪನಿ ಹೊಂಟದೇನು?"

ಯಾದಗಿರಿ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸು ಹತ್ತುವಾಗ ಕಂಡಕ್ಟರಣ್ಣ ಹೀಗೆ ಕೇಳಿದಾಗ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಬಲಗೈಯಲ್ಲಿ ಹಾರ್ಮೋನಿಯಂ ಪೆಟ್ಟಿಗೆ, ಎಡ ಹೆಗಲಿಗೆ ಡೋಲಕ್, ಕಂಕುಳಲ್ಲಿ ದಮ್ಮಡಿ, ಜಾರುವ ಸೆರಗು ಹಲ್ಲಲ್ಲಿ! ಹಿಂದೆ ನನ್ನ ಅಕ್ಕನ ಮಗಳು ಎರಡು ಚೀಲ ಹೊತ್ತುಕೊಂಡು ಏದುಸಿರು ಬಿಡುತ್ತಿದ್ದಳು. ಒಂದು ಚೀಲದ ಬಾಯಿ ಕಟ್ಟಿರಲಿಲ್ಲ. ಮೆಟ್ಟಿಲಿಗೆ ತಾಗಿದ್ದೇ ತಡ, ಗೆಜ್ಜೆಗಳೆಲ್ಲಾ ಝಲ್ಲೆಂದು ಬಸ್ಸಿನ ತುಂಬಾ ಉರುಳಿದವು. ಸಂತೆಗೆ ಹೊರಟಿದ್ದ ಹೆಣ್ಣುಮಕ್ಕಳು ಪಾಪ, ಸೀಟಿನ ಕೆಳಗೆ ಕೈಹಾಕಿ ಒಂದೊಂದೇ ಆರಿಸಿ ಕೊಟ್ಟರು. "ಮದುವಿ ಮನಿಗೆ ಹೊಂಟೀರೇನವಾ?" ಅಂತ ಒಬ್ಬಾಕೆ ಕೇಳಿದಳು. ಅಲ್ಲ ಅಂದೆ. ಮತ್ತೆಲ್ಲಿಗೆ ಅಂತ ಹೇಳಲಿಕ್ಕೆ ನನಗೇ ಆಗ ಸರಿಯಾಗಿ ಗೊತ್ತಿರಲಿಲ್ಲ!

ಅದು ನಮ್ಮ ಮೊದಲನೆಯ ಪ್ರಯಾಣ. ಅದಾಗಿ ಎರಡು ವರ್ಷವಾಗುತ್ತಾ ಬಂತು. ಈಗ ಅದೇ ಬಸ್ಸಿಗೆ ಒಂದು ಗಂಟು, ಒಂದು ಕೈಚೀಲ ಹಿಡಿದು ಹತ್ತುತ್ತೇವೆ. ಒಂದು ಸದ್ದೂ ಇಲ್ಲ. ಆ ಐದು ಚೀಲ ಹೇಗೆ ಒಂದು ಗಂಟಾಯಿತು, ನಡುವೆ ನಾನು ಮಾಡಿದ ಒಂದು ತಪ್ಪಿಗೆ ಒಬ್ಬ ಮಗು ಏನು ಅನುಭವಿಸಬೇಕಾಯಿತು ಎಂಬುದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದು ಬರೆಯಲು ಕುಳಿತಿದ್ದೇನೆ.

ನಾನೇನೂ ಹೆಚ್ಚು ಓದಿದವಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ ಯಾದಗಿರಿಗೆ ಬಂದವಳು. ಈಗ ನಲವತ್ತು ದಾಟಿದೆ. ಮಕ್ಕಳಿಬ್ಬರೂ ಕಾಲೇಜಿಗೆ ಹೋಗುತ್ತಾರೆ. ಬೆಳಗಿನ ರೊಟ್ಟಿ-ಪಲ್ಯದ ಗದ್ದಲ ಮುಗಿದರೆ ಮನೆ ಬಿಕೋ ಎನ್ನುತ್ತದೆ. ಅಂಥ ಹೊತ್ತಿನಲ್ಲಿ ಅಕ್ಕನ ಮಗಳು ಬೆಂಗಳೂರಿನಲ್ಲಿ ತರಬೇತಿ ಮುಗಿಸಿಕೊಂಡು ಬಂದಳು. ಅವಳು ಕಲಿತದ್ದು ಸಂಗೀತ ಚಿಕಿತ್ಸೆ.

"ಅಂದ್ರ ಹಾಡು ಹಾಡಿ ರೋಗ ವಾಸಿ ಮಾಡ್ತಿಯೇನs?" ಅಂತ ನಮ್ಮವರು ನಕ್ಕರು.

"ಇಲ್ಲ ಕಾಕಾ, ವಾಸಿ ಮಾಡ್ತೀನಿ ಅಂತ ಯಾರಿಗೂ ಹೇಳಂಗಿಲ್ಲ. ಡಾಕ್ಟರ್ ಕೊಟ್ಟ ಔಷಧ ಬಿಡಿಸಂಗೂ ಇಲ್ಲ. ಕೈ ಎತ್ತಲಿಕ್ಕೆ ಆಗಲಾರದ ಮಗು ಗಂಟಿ ಬಾರಿಸಬೇಕಂತ ಕೈ ಎತ್ತತದ. ಮಾತು ಬರಲಾರದವರು ಹಾಡಿನ ಕೊನಿ ಅಕ್ಷರ ಹೇಳ್ತಾರ. ಅಷ್ಟೇ ನನ್ನ ಕೆಲಸ" ಅಂದಳು.

ಅಮೆರಿಕದಲ್ಲಿ ಇದನ್ನು ಒಂದು ವಿದ್ಯೆಯಾಗಿ ಕಲಿಸುವ ಮೊದಲ ಪದವಿ ತರಗತಿ ಮಿಷಿಗನ್ ರಾಜ್ಯದಲ್ಲಿ 1944ರಲ್ಲೇ ಶುರುವಾಯಿತಂತೆ. ಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿದ್ದ ಸೈನಿಕರ ಮುಂದೆ ವಾದ್ಯ ನುಡಿಸಲು ಹೋದವರಿಗೆ, ಬರೀ ನುಡಿಸಿದರೆ ಸಾಲದು, ಯಾರಿಗೆ ಏನು, ಎಷ್ಟು ಎಂದು ತಿಳಿದಿರಬೇಕು ಅನ್ನಿಸಿತಂತೆ. ಅವಳು ಅದನ್ನೆಲ್ಲಾ ಹೇಳುವಾಗ ನನಗೆ ನೆನಪಾದದ್ದು ಮಾತ್ರ ನಮ್ಮ ತವರೂರಿನ ಗವಾಯಿ ಮಾಸ್ತರು. ಅವರ ಮಾತು ಆಮೇಲೆ ಹೇಳುತ್ತೇನೆ.

ಸೋಮವಾರ ಯಾದಗಿರಿ, ಬುಧವಾರ ಶಹಾಪುರ, ಶುಕ್ರವಾರ ಸುರಪುರ ಎಂದು ವಾರದ ಪಟ್ಟಿ ಆಯಿತು. ಹುಡುಗಿ ಒಬ್ಬಳೇ ಇಷ್ಟೊಂದು ಸಾಮಾನು ಹೊತ್ತು ಓಡಾಡುವುದು ಹೇಗೆ? "ಚಿಗವ್ವಾ, ನೀ ನನ್ನ ಸಂಗಡ ಬಾ" ಅಂದಳು. ಚೀಲ ಹೊರುವವಳಾಗಿ ಹೊರಟೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಹಾಗಾಗಿ ನಮ್ಮವರಿಗೂ ಬೇಡ ಅನ್ನಲು ನೆವ ಸಿಗಲಿಲ್ಲ!

ಯಾದಗಿರಿ: ಸದ್ದಿಲ್ಲದೆ ಬರಬೇಕು

ನಮ್ಮ ಯಾದಗಿರಿ 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾಗಿ ಜಿಲ್ಲೆಯಾದ ಊರು. ಊರ ನಡುವೆಯೇ ಬೆಟ್ಟ, ಬೆಟ್ಟದ ಮೇಲೆ ಕೋಟೆ. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲು ಹಳಿ ಊರಿಗೆ ತಾಗಿಕೊಂಡೇ ಹೋಗುತ್ತದೆ. ಹಗಲು ರಾತ್ರಿ ಗಾಡಿಗಳು ಕೂಗುತ್ತಲೇ ಇರುತ್ತವೆ. ನಮಗೆ ಅದು ಕೇಳಿಸುವುದೇ ಇಲ್ಲ, ಅಷ್ಟು ರೂಢಿ. ಆದರೆ ಸೋಮವಾರ ಬರುವ ಐದು ಮಕ್ಕಳಲ್ಲಿ ಆರು ವರ್ಷದ ಒಬ್ಬ ಹುಡುಗಿಗೆ ಕೇಳಿಸುತ್ತದೆ. ದೂರದಲ್ಲಿ ಗಾಡಿ ಕೂಗಿದರೂ ಎರಡೂ ಕಿವಿ ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಾಳೆ.

ಮೊದಮೊದಲು ನಾವು ಪಡಸಾಲೆಗೆ ಹೋಗಿ ಚೀಲ ಕೆಳಗಿಟ್ಟರೆ ಸಾಕು, ತಾಳ ಠಣ್ ಅನ್ನುವುದು, ಗೆಜ್ಜೆ ಝಲ್ ಅನ್ನುವುದು, ಡಬ್ಬಿ ಡಬ್ಬಿಗೆ ಬಡಿಯುವುದು. ಹಾಡು ಶುರುವಾಗುವ ಮೊದಲೇ ಆ ಹುಡುಗಿ ಗೋಡೆ ಸೇರಿರುತ್ತಿದ್ದಳು. ಅವಳನ್ನು ಮತ್ತೆ ನಮ್ಮ ಕಡೆ ತಿರುಗಿಸಲು ಅರ್ಧ ತಾಸು ಹೋಗುತ್ತಿತ್ತು. ಇದ್ದದ್ದೇ ಮುಕ್ಕಾಲು ತಾಸು!

ಒಂದು ರಾತ್ರಿ ನಾನು ಹಳೆಯ ಸೀರೆಗಳನ್ನು ಹರಿದು ತುಂಡು ಮಾಡಿದೆ. ಪ್ರತಿ ತಾಳಕ್ಕೆ, ಪ್ರತಿ ಗೆಜ್ಜೆಸರಕ್ಕೆ ಒಂದೊಂದು ತುಂಡು ಸುತ್ತಿದೆ. ಹಿತ್ತಾಳೆ ಗಂಟೆಯ ನಾಲಿಗೆಗೆ ಹತ್ತಿ ಕಟ್ಟಿದೆ. ದೂರದ ಊರಿಗೆ ಹೋಗುವಾಗ ನಾವು ಗಾಜಿನ ಉಪ್ಪಿನಕಾಯಿ ಬಾಟಲಿಯನ್ನು ಸೀರೆ ಮಡಿಕೆಯ ನಡುವೆ ಇಡುವುದಿಲ್ಲವೇ, ಹಾಗೆ. ಮುಂದಿನ ಸೋಮವಾರ ಚೀಲ ಸದ್ದಿಲ್ಲದೆ ಕೆಳಗಿಳಿಯಿತು. ಹುಡುಗಿ ನಮ್ಮ ಕಡೆಯೇ ನೋಡುತ್ತಾ ಕುಳಿತಿದ್ದಳು. ಅಕ್ಕನ ಮಗಳು ಬಟ್ಟೆ ಬಿಚ್ಚಿ, ಹತ್ತಿ ತೆಗೆದು, ಗಂಟೆಯನ್ನು ಅವಳ ಕೈಗೇ ಕೊಟ್ಟಳು. ಸದ್ದು ಅವಳ ಕೈಯಿಂದಲೇ ಹೊರಟಿತು. ಆ ಸದ್ದಿಗೆ ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ.

"ಇದನ್ನ ನನಗ ಬೆಂಗಳೂರಾಗ ಯಾರೂ ಹೇಳಿಕೊಟ್ಟಿದ್ದಿಲ್ಲ ಚಿಗವ್ವಾ" ಅಂದಳು. ನನಗೆ ಒಳಗೊಳಗೇ ಹಿಗ್ಗು.

ಶಹಾಪುರ: ಕಲ್ಲು ಬೇಡ, ಗೂಟ ಸಾಕು

ಯಾದಗಿರಿಯಿಂದ ಶಹಾಪುರಕ್ಕೆ ಸುಮಾರು 35 ಕಿಲೋಮೀಟರ್. ಊರು ಬಿಟ್ಟ ಕೂಡಲೇ ಭೀಮಾ ನದಿಯ ಸೇತುವೆ. ಬೇಸಿಗೆಯಲ್ಲಿ ಬಂಡೆಗಳು ಎದ್ದು ಕಾಣುತ್ತವೆ, ಮಳೆಗಾಲದಲ್ಲಿ ಕೆಂಪು ನೀರು ದಂಡೆ ತುಂಬಿ ಹರಿಯುತ್ತದೆ. ದಾಟಿದರೆ ಹತ್ತಿ, ತೊಗರಿ, ಕಾಲುವೆ ನೀರು ಬಂದ ಕಡೆ ಭತ್ತದ ಗದ್ದೆ. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಈ ಕಡೆಯ ಹೊಲಗಳ ಬಣ್ಣವೇ ಬದಲಾಯಿತು ಅಂತ ಹಿರಿಯರು ಹೇಳುತ್ತಾರೆ. ಶಹಾಪುರ ಹತ್ತಿರವಾಗುತ್ತಿದ್ದ ಹಾಗೆ ಬೆಟ್ಟದ ಸಾಲು ಕಾಣುತ್ತದೆ. ಅಂಗಾತ ಮಲಗಿದ ಬುದ್ಧನ ಹಾಗೆ ತಲೆ, ಎದೆ, ಕಾಲು ಎಲ್ಲಾ ಬಿಡಿಬಿಡಿಯಾಗಿ ತೋರುತ್ತದೆ. ಬುದ್ಧ ಮಲಗಿದ ಬೆಟ್ಟ ಅಂತಲೇ ಅದಕ್ಕೆ ಹೆಸರು. ನೀವು ಆ ಕಡೆ ಹೋದರೆ ಬಸ್ಸಿನ ಕಿಟಕಿಯಿಂದಲೇ ಕೈಮುಗಿಯಬಹುದು.

ಬಿಸಿಲು ಮಾತ್ರ ಕೇಳಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಕಿಟಕಿ ಪಕ್ಕ ಇಟ್ಟ ಚೀಲದಲ್ಲಿದ್ದ ತಾಳ ಒಮ್ಮೆ ಕಾದ ಹಂಚಿನಂತಾಗಿತ್ತು. ಮಗುವಿನ ಕೈಗೆ ಕೊಡುವ ಮೊದಲು ನಾನೇ ಮುಟ್ಟಿ ನೋಡಿದ್ದು ಪುಣ್ಯ. ದಮ್ಮಡಿಯ ಚರ್ಮ ಬಿಸಿಲಿಗೆ ಬಿಗಿದು ಕೀರಲು ದನಿ ಬರುತ್ತದೆ, ಮಳೆಗಾಲದಲ್ಲಿ ಸಡಿಲಾಗಿ ಬಡ್ ಬಡ್ ಅನ್ನುತ್ತದೆ. ಶ್ರುತಿಪೆಟ್ಟಿಗೆಯ ಸೆಲ್ ತೆಗೆಯದೆ ಇಟ್ಟು, ಅವು ಸೋರಿ ಒಳಗೆಲ್ಲಾ ತುಕ್ಕು ಹಿಡಿದಿತ್ತು. ತೊಗರಿ ಬೇಳೆ ತುಂಬಿ ಮಾಡಿದ ಗಿಲಕಿಯಂತೂ ನಮ್ಮ ಮಾನ ಕಳೆಯಿತು. ಎರಡು ತಿಂಗಳಲ್ಲಿ ಸದ್ದು ಮಂಕಾಯಿತು ಅಂತ ಬಿಚ್ಚಿದರೆ ಒಳಗೆಲ್ಲಾ ಹುಳು ಬಿದ್ದ ಹಿಟ್ಟು! ಈಗ ಬೇಳೆಯನ್ನು ಹುರಿದು, ಆರಿಸಿ ತುಂಬುತ್ತೇವೆ. ಮುಚ್ಚಳವನ್ನು ಅಂಟುಹಾಕಿ ಭದ್ರ ಮಾಡುತ್ತೇವೆ. ಬಿಚ್ಚಿದರೆ ಮಕ್ಕಳು ಕಾಳನ್ನು ಮೂಗಿಗೋ ಬಾಯಿಗೋ ಹಾಕಿಕೊಳ್ಳುತ್ತವೆ ಎಂಬ ಭಯ ಇರುತ್ತದಲ್ಲ.

ಶಹಾಪುರದಲ್ಲಿ ನಾವು ಹೋಗುವ ಒಂದು ಮನೆಯಲ್ಲಿ ಅಜ್ಜಿ ಇದ್ದಾರೆ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದವು, ಮಾತೂ ನಿಂತಿತು. ಮಾತು ಮಿದುಳಿನ ಎಡಭಾಗದಲ್ಲಿ ನೆಲೆಸಿರುವುದು ಹೆಚ್ಚು. ಆ ಭಾಗಕ್ಕೆ ಪೆಟ್ಟಾದರೆ ಬಲಮೈಯೂ ಮಾತೂ ಜೊತೆಗೇ ಹೋಗುವುದುಂಟು. ಆದರೆ ಹಾಡಿಗೆ ಬಲಭಾಗವೂ ನೆರವಾಗುತ್ತದಂತೆ. ಅದಕ್ಕೇ "ನೀರು" ಅನ್ನಲು ಬಾರದವರು ಕೂಡ ಹಳೆಯ ಹಾಡನ್ನು ಪದ ಸಮೇತ ಹಾಡಿಬಿಡುತ್ತಾರೆ. ಇದನ್ನೇ ಹಿಡಿದು, ಮಾತನ್ನು ರಾಗದಲ್ಲಿ ಎಳೆದು ಕಲಿಸುವ ಒಂದು ಕ್ರಮವನ್ನು 1973ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರು ಪ್ರಕಟಿಸಿದರು.

ಅಜ್ಜಿಗೆ ಯಾವ ಹಾಡು? ದೇವರನಾಮ ಹಾಡಿದೆವು, ಸುಮ್ಮನೆ ನೋಡಿದರು. ಸೋಬಾನೆ ಹಾಡಿದೆವು, ಕಣ್ಣಲ್ಲಿ ನೀರು ಬಂತೇ ಹೊರತು ಬಾಯಿ ತೆರೆಯಲಿಲ್ಲ. "ಅವ್ವ ಮದಲ ಬೀಸಾಕತ್ತಿದಾಗ ಭಾಳ ಹಾಡ್ತಿದ್ಲು" ಅಂದಳು ಸೊಸೆ. ಬೀಸುವ ಕಲ್ಲು ಈಗ ಎಲ್ಲಿದೆ? ಮನೆ ಕಟ್ಟಿಸುವಾಗ ಯಾವಾಗಲೋ ಹೊರಗೆ ಹಾಕಿದ್ದಾರೆ. ನಮ್ಮ ತವರಿನಲ್ಲಿ ಇದೆ. ಆದರೆ ಅದನ್ನು ಬಸ್ಸಿನಲ್ಲಿ ಹೊತ್ತು ತರುವವರಾರು? ಎರಡು ವಾರ ಇದೇ ಯೋಚನೆ. ತವರಿಗೆ ಹೋದಾಗ ಮೂಲೆಯಲ್ಲಿದ್ದ ಬೀಸುಕಲ್ಲಿನ ಗೂಟ ಕಣ್ಣಿಗೆ ಬಿತ್ತು. ಸವೆದು ನುಣುಪಾದ ಕಟ್ಟಿಗೆ, ಗೇಣುದ್ದ. ಕಲ್ಲು ಬಿಟ್ಟು ಗೂಟ ಕಿತ್ತುಕೊಂಡು ಬಂದೆ!

ಬುಧವಾರ ಒಂದು ಮಣೆಯ ಮೇಲೆ ಗೂಟ ನಿಲ್ಲಿಸಿ ಅಜ್ಜಿಯ ಎಡಗೈಗೆ ಹಿಡಿಸಿದೆ. ಮೇಲೆ ನನ್ನ ಕೈ ಇಟ್ಟು ಸುತ್ತಲು ಶುರುಮಾಡಿದೆ. ಮೂರು ಸುತ್ತು, ನಾಲ್ಕು ಸುತ್ತು. ಆಮೇಲೆ ನನ್ನ ಕೈ ಬೇಕಾಗಲಿಲ್ಲ. ಅಜ್ಜಿಯೇ ಸುತ್ತುತ್ತಿದ್ದರು. ಗಂಟಲಲ್ಲಿ ಮೊದಲು ಗುಂಯ್ ಅಂತ ದನಿ, ಆಮೇಲೆ ಒಂದು ಪದ, ಆಮೇಲೆ ಒಂದು ಸಾಲು. ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು.

ಅಜ್ಜಿ ಇವತ್ತಿಗೂ ನಮ್ಮಂತೆ ಮಾತಾಡುವುದಿಲ್ಲ. ಆದರೆ ನೀರು, ಊಟ, ಸಾಕು ಎಂಬ ಮೂರು ಮಾತನ್ನು ರಾಗವಾಗಿ ಹೇಳುತ್ತಾರೆ. ಸೊಸೆಗೆ ಅಷ್ಟೇ ದೊಡ್ಡ ಉಪಕಾರವಾಗಿದೆ. ಫೋನಿನಲ್ಲಿ ಹಾಡು ಹಾಕಿದರೆ ಸಾಲದೇ ಅಂತ ನೀವು ಕೇಳಬಹುದು, ನಾನೂ ಕೇಳಿದ್ದೆ. ಫೋನಿನ ಹಾಡು ತನ್ನ ಪಾಡಿಗೆ ಓಡುತ್ತದೆ, ಅಜ್ಜಿಯ ಉಸಿರಿಗಾಗಿ ಕಾಯುವುದಿಲ್ಲ. ಎದುರಿಗೆ ಕೂತು ಹಾಡುವವರು ಕಾಯುತ್ತಾರೆ.

ಗವಾಯಿ ಮಾಸ್ತರು ಮತ್ತು ಕೌದಿ

ಈಗ ಗವಾಯಿ ಮಾಸ್ತರ ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದವರು ನಮ್ಮ ಕಡೆ ಕಡಿಮೆ. ಹುಟ್ಟುಕುರುಡರಾಗಿದ್ದ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892-1944) ಅಂಧ ಮಕ್ಕಳನ್ನೂ ಬಡಮಕ್ಕಳನ್ನೂ ಕಟ್ಟಿಕೊಂಡು ಮೊದಲು ಊರೂರು ಸಂಚರಿಸುತ್ತಲೇ ಸಂಗೀತ ಪಾಠ ಹೇಳಿದರು. ಗದಗಿನಲ್ಲಿ ನೆಲೆನಿಂತದ್ದು ಆಮೇಲೆ. ಅವರ ನಂತರ, ತಾವೂ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು (1914-2010) ಅದನ್ನು ನಡೆಸಿದರು. ಅಲ್ಲಿ ಕಲಿತ ಒಬ್ಬ ಅಂಧ ಮಾಸ್ತರು ನಮ್ಮ ತವರೂರಿಗೆ ಬಂದು ಹುಡುಗಿಯರಿಗೆ ಹಾರ್ಮೋನಿಯಂ ಹೇಳಿಕೊಡುತ್ತಿದ್ದರು. ನಾನು ಎರಡು ವರ್ಷ ಕಲಿತೆ.

ಮಾಸ್ತರು ಪಾಠಕ್ಕಿಂತ ಮೊದಲು ಸಾಮಾನು ಇಡುವುದನ್ನು ಕಲಿಸಿದರು. ಪೆಟ್ಟಿಗೆಯ ಬಲಕ್ಕೆ ತಾಳ, ಎಡಕ್ಕೆ ಒರೆಸುವ ಬಟ್ಟೆ, ಹಿಂದೆ ಕೋಲು. ಒಮ್ಮೆ ನಾನು ತುಂಟತನಕ್ಕೆ ತಾಳವನ್ನು ಎಡಕ್ಕೆ ಇಟ್ಟೆ. ಮಾಸ್ತರ ಕೈ ಬಲಕ್ಕೆ ಹೋಯಿತು, ಬರಿ ನೆಲ ಮುಟ್ಟಿ ನಿಂತಿತು. ಅವರು ಬೈಯಲಿಲ್ಲ. "ಇಟ್ಟ ಜಾಗಾನೇ ನನಗ ಕಣ್ಣವಾ, ನನ್ನ ಕಣ್ಣ ಕಿತ್ತಿ ಬ್ಯಾರೆ ಕಡಿ ಇಡಬ್ಯಾಡ" ಅಂದರು. ನನ್ನ ಹದಿನಾಲ್ಕನೆಯ ವಯಸ್ಸಿನ ಆ ಮಾತು ಮೂವತ್ತು ವರ್ಷದ ಮೇಲೆ ನೆನಪಾಯಿತು. ನಮ್ಮ ಮಕ್ಕಳಿಗೂ ಎಲ್ಲ ವಸ್ತುವೂ ದಿನಾ ಅದೇ ಜಾಗದಲ್ಲಿ, ಅದೇ ಸರದಿಯಲ್ಲಿ ಸಿಕ್ಕರೆ?

ಹಾಗೆ ಹುಟ್ಟಿದ್ದು ಕೌದಿ. ಅಮ್ಮನ ಒಂದು ಇಳಕಲ್ ಸೀರೆ, ಅತ್ತೆಯವರ ಎರಡು ಸೀರೆ, ನಮ್ಮವರ ಹಳೆಯ ಧೋತರ ಸೇರಿಸಿ ಹೊಲಿದೆ. ಒಂದು ಅಂಚಿನುದ್ದಕ್ಕೂ ಏಳು ಕಿಸೆ, ಪ್ರತಿ ಕಿಸೆಗೂ ಬೇರೆ ಬಣ್ಣದ ತುಂಡು. ಮೊದಲನೆಯ ಬಿಳಿ ಕಿಸೆಯಲ್ಲಿ ಗಂಟೆ, ಅದು ನಮಸ್ಕಾರದ ಹಾಡಿಗೆ. ಎರಡನೆಯ ಹಳದಿಯಲ್ಲಿ ತಾಳ. ಮೂರನೆಯ ಕೆಂಪಿನಲ್ಲಿ ಗೆಜ್ಜೆ. ನಾಲ್ಕರಲ್ಲಿ ಗಿಲಕಿ, ಐದರಲ್ಲಿ ಬೀಸುವ ಬಟ್ಟೆ, ಆರರಲ್ಲಿ ಚಿತ್ರದ ಕಾರ್ಡು. ಏಳನೆಯದು ಖಾಲಿ. ಗಂಟೆಯನ್ನು ಕೊನೆಗೆ ಅಲ್ಲಿ ಮಲಗಿಸಿ, ಹೋಗಿ ಬರುವ ಹಾಡು ಹಾಡುತ್ತೇವೆ. ಕೌದಿ ಹಾಸಿದರೆ ತರಗತಿ, ಸುತ್ತಿ ದಾರ ಕಟ್ಟಿದರೆ ಗಂಟು. ತಾಳ, ಗೆಜ್ಜೆಗಳಿಗೆ ಮೆತ್ತನೆ ಹೊದಿಕೆಯೂ ಅದೇ, ಬಿಸಿಲಿಗೆ ಮರೆಯೂ ಅದೇ. ಹಾರ್ಮೋನಿಯಂ ಮನೆಯಲ್ಲೇ ಉಳಿಯಿತು. ಶ್ರುತಿಪೆಟ್ಟಿಗೆ, ದಮ್ಮಡಿ, ಗೂಟ ಕೈಚೀಲಕ್ಕೆ ಹೋದವು.

ಎರಡು ಮೂರು ವಾರದಲ್ಲೇ ಮಕ್ಕಳು ಕೌದಿ ಕಂಡರೆ ಬಂದು ಕೂಡಲು ಕಲಿತರು. ಬಾ ಎಂದು ಕರೆಯುವ ಕೆಲಸವೇ ಇಲ್ಲ.

ಸುರಪುರ: ನಾನು ಮಾಡಿದ ತಪ್ಪು

ಶಹಾಪುರದಿಂದ ಹತ್ತಿಗುಡೂರು ದಾಟಿ ಇನ್ನೂ ಸುಮಾರು 25 ಕಿಲೋಮೀಟರ್ ಹೋದರೆ ಸುರಪುರ. ಬಂಡೆಗಳ ಗುಡ್ಡಗಳ ನಡುವೆ ಅಡಗಿ ಕುಳಿತ ಊರು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕರ ಊರು ಇದೇ. ಅವರು ಚಿಕ್ಕವರಿದ್ದಾಗ ಇಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಸಾಹೇಬರು ಕಟ್ಟಿಸಿಕೊಂಡ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಗುಡ್ಡದ ಮೇಲಿದೆ. ಗೋಕುಲಾಷ್ಟಮಿ ಮುಗಿದ ಮೇಲೆ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಜಾರುವ ಕಂಬ ಏರುವವರನ್ನು ನೋಡಲು ಸುತ್ತಲಿನ ಹಳ್ಳಿಗಳೆಲ್ಲಾ ಬರುತ್ತವೆ. ಊರೊಳಗೆ ಏರು, ಇಳಿಜಾರು ಬಹಳ. ಹೆಗಲ ಮೇಲೆ ಭಾರ ಎಷ್ಟಿರಬೇಕೆಂದು ನಮಗೆ ಲೆಕ್ಕ ಕಲಿಸಿದ್ದು ಈ ಏರುಗಳೇ.

ಶುಕ್ರವಾರದ ಗುಂಪಿನಲ್ಲಿ ಎಂಟು ವರ್ಷದ ಒಬ್ಬ ಹುಡುಗನಿದ್ದಾನೆ. ಆಟಿಸಂ ಇದೆ ಅಂತ ಡಾಕ್ಟರರು ಹೇಳಿದ್ದಾರೆ. ಮಾತಿಲ್ಲ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ. ಇಂಥ ಎಷ್ಟೋ ಮಕ್ಕಳಿಗೆ ದಾರಿ, ಜಾಗ, ವಸ್ತು ಎಲ್ಲಾ ಇದ್ದಂತೆಯೇ ಇರಬೇಕು. ಸ್ವಲ್ಪ ಬದಲಾದರೂ ಭೂಮಿ ಬಾಯ್ಬಿಟ್ಟಂತೆ ಆಗುತ್ತದೆ. ತಾಯಿ ಕೂಲಿಗೆ ಹೋಗುವವಳು. ಪ್ರತಿ ಶುಕ್ರವಾರ ಅರ್ಧ ದಿನದ ಕೂಲಿ ಬಿಟ್ಟು ರಂಗಂಪೇಟೆಯಿಂದ ಅವನನ್ನು ಕರೆತರುತ್ತಿದ್ದಳು. ಅವನು ಕೌದಿಯ ಕೆಂಪು ಕಿಸೆಯ ಮುಂದೆಯೇ ಕೂಡುವುದು. ಅಲ್ಲಿ ಕೈಯಿಟ್ಟು ಗೆಜ್ಜೆಯನ್ನು ತೆಗೆಯುವನು. ಮೊದಲು ನೋಡುವುದೊಂದೇ, ಆಮೇಲೆ ಅಲ್ಲಾಡಿಸುವುದು, ನಾಲ್ಕನೆಯ ತಿಂಗಳಿಗೆ ಹಾಡು ನಿಂತಾಗ ತಾನೂ ನಿಲ್ಲಿಸುವುದು. "ಅವ ನಮ್ಮ ಸಂಗಡ ಆಟ ಆಡಲತ್ತಾನ ಚಿಗವ್ವಾ" ಅಂತ ಅಕ್ಕನ ಮಗಳು ಬಸ್ಸಿನಲ್ಲಿ ನನ್ನ ಕೈ ಹಿಸುಕಿದ್ದಳು.

ಆ ವರ್ಷದ ಆಷಾಢ. ಬುಧವಾರ ಶಹಾಪುರದಲ್ಲಿ ಒಂದು ಮಗು ಕೌದಿಯ ಮೇಲೆ ವಾಂತಿ ಮಾಡಿಕೊಂಡಿತು. ಗುರುವಾರ ಒಗೆದೆ. ಜಿಟಿಜಿಟಿ ಮಳೆ, ಕೌದಿ ನೀರು ಕುಡಿದು ಭಾರವಾಗಿ ಒಣಗಲೇ ಇಲ್ಲ. ಅಕ್ಕನ ಮಗಳಿಗೆ ಆ ದಿನ ಜ್ವರ. "ನಾ ಎಲ್ಲಾ ತಯಾರ ಮಾಡ್ತೀನಿ, ನೀ ಮಲಕೋ" ಅಂದೆ. ಟ್ರಂಕಿನಿಂದ ಹೂವಿನ ಹೊಸ ಚಾದರ ತೆಗೆದೆ. ಅಂಗಡಿಯಿಂದ ಖಾನೆ ಖಾನೆ ಇರುವ ಚಂದದ ಪ್ಲಾಸ್ಟಿಕ್ ಡಬ್ಬಿ ತಂದು ಎಲ್ಲಾ ಜೋಡಿಸಿದೆ. ಕೌದಿಗಿಂತ ಎಷ್ಟು ಅಚ್ಚುಕಟ್ಟು ಅಂತ ನನಗೆ ಜಂಬ! ಅವಳಿಗೆ ತೋರಿಸಲೂ ಇಲ್ಲ.

ಶುಕ್ರವಾರ ಹುಡುಗ ಬಾಗಿಲಲ್ಲಿ ಬಂದು ನಿಂತ. ಚಾದರ ನೋಡಿದ. ಬಗ್ಗಿ ಅಂಚಿನುದ್ದಕ್ಕೂ ಕೈಯಾಡಿಸಿದ. ಕಿಸೆ ಇಲ್ಲ. ಇನ್ನೊಂದು ಅಂಚಿಗೆ ಹೋಗಿ ಹುಡುಕಿದ, ಅಲ್ಲೂ ಇಲ್ಲ. ನಾನು ಡಬ್ಬಿಯಿಂದ ಗೆಜ್ಜೆ ತೆಗೆದು "ಇಲ್ಲದಲ್ಲೋ ಅಪ್ಪಾ" ಅಂತ ಮುಂದೆ ಹಿಡಿದೆ. ಅವನು ಚೀರಿದ ಚೀರಾಟ ಇನ್ನೂ ನನ್ನ ಕಿವಿಯಲ್ಲಿದೆ. ತಲೆಯನ್ನು ಗೋಡೆಗೆ ಬಡಿದುಕೊಂಡ. ತಾಯಿ ಗಟ್ಟಿಯಾಗಿ ಅಪ್ಪಿ ಹಿಡಿದು, ತನ್ನ ಅಂಗೈಯನ್ನು ಅವನ ಹಣೆಗೂ ಗೋಡೆಗೂ ನಡುವೆ ಇಟ್ಟಳು. ಹಣೆ ಊದಿಕೊಂಡಿತು. ಅವನ ಕೈ ಅಂಚು ತಡಕುವಾಗ ನನಗೆ ಮಾಸ್ತರ ಕೈ ಕಂಡಿತು. ಬಲಕ್ಕೆ ಹೋಗಿ ಬರಿ ನೆಲ ಮುಟ್ಟಿ ನಿಂತ ಆ ಕೈ. ಎರಡನೆಯ ಸಲವೂ ಅದೇ ತಪ್ಪನ್ನು ಮಾಡಿದ್ದೆ.

ಅಕ್ಕನ ಮಗಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ನೋವಾಯಿತು. ಮುಂದಿನ ಶುಕ್ರವಾರ ತಾಯಿ ಮಗ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. "ಹಾಡ ಕೇಳಸಲಿಕ್ಕೆ ಕೂಲಿ ಬಿಡತೀಯೇನು, ಹುಡುಗನ ತಲಿ ಒಡಸ್ಕೊಂಡು ಬರ್ತೀಯೇನು ಅಂತ ಮನ್ಯಾಗ ಬೈಯಲತ್ತಾರಂತ" ಎಂದು ಪಕ್ಕದ ಮನೆಯಾಕೆ ಹೇಳಿದಳು. ಆ ಮಾತಿನಲ್ಲಿ ಸುಳ್ಳೇನಿತ್ತು? ಆರು ತಿಂಗಳ ಅವಳ ಕೂಲಿ, ಆರು ತಿಂಗಳ ಹುಡುಗನ ನಂಬಿಕೆ, ಎರಡನ್ನೂ ನಾನು ಒಂದು ಹೂವಿನ ಚಾದರಕ್ಕೆ ಕಳೆದಿದ್ದೆ.

ಮೂರನೆಯ ಶುಕ್ರವಾರ ಗುಂಪಿನ ಕೆಲಸ ಮುಗಿದ ಮೇಲೆ ನಾವಿಬ್ಬರೇ ರಂಗಂಪೇಟೆಗೆ ಹೋದೆವು. ತಾಯಿ ಕೂಲಿಯಿಂದ ಆಗಷ್ಟೇ ಬಂದಿದ್ದಳು. ತಂದೆ ಬಾಗಿಲ ಮುಂದೆ ಹೊರಸಿನ ಮೇಲೆ ಕೂತಿದ್ದ. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. "ತಪ್ಪು ನಂದದಪ್ಪಾ, ಹುಡುಗಂದೂ ಅಲ್ಲ, ನಿಮ್ಮ ಹೆಂಡತೀದೂ ಅಲ್ಲ" ಅಂದೆ. ಬೇವಿನ ಗಿಡದ ಕೆಳಗೆ ನೆಲ ಗುಡಿಸಿ ಕೌದಿ ಹಾಸಿದೆವು. ಹುಡುಗ ಬಾಗಿಲ ಸಂದಿಯಲ್ಲಿದ್ದ. ಅವನನ್ನು ಕರೆಯಲಿಲ್ಲ, ಅವನ ಕಡೆ ನೋಡಲೂ ಇಲ್ಲ. ಅಕ್ಕನ ಮಗಳು ಗಂಟೆ ತೆಗೆದು ನಮಸ್ಕಾರದ ಹಾಡು ಹಾಡಿದಳು. ತಾಳ ತೆಗೆದು ಎರಡನೆಯ ಹಾಡು. ಮೂರನೆಯ ಕಿಸೆಗೆ ಯಾರೂ ಕೈ ಹಾಕಲಿಲ್ಲ. ಅವಳು ಹಾಡು ನಿಲ್ಲಿಸಿ ಸುಮ್ಮನೆ ಕೂತಳು.

ಎಷ್ಟು ಹೊತ್ತೋ! ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಸಣ್ಣ ಹೆಜ್ಜೆ ಸಪ್ಪಳ. ಅವನು ಬಂದು, ಅಂಚಿನ ಮೇಲೆ ಕೈಯಾಡಿಸಿ, ಬಿಳಿ, ಹಳದಿ ದಾಟಿ ಕೆಂಪು ಕಿಸೆಗೆ ಕೈ ಹಾಕಿದ. ಗೆಜ್ಜೆ ಅಲ್ಲೇ ಇತ್ತು. ಒಂದು ಸಲ ಅಲ್ಲಾಡಿಸಿದ. ಅವಳು ಹಾಡಿದಳು, ನಿಲ್ಲಿಸಿದಳು. ಅವನೂ ನಿಲ್ಲಿಸಿದ.

ತಂದೆ ಏನೂ ಮಾತಾಡಲಿಲ್ಲ. ಎದ್ದು ಹೊರಸನ್ನು ಗೋಡೆಗೆ ಸರಿಸಿ ನಮಗೆ ಇನ್ನಷ್ಟು ಜಾಗ ಮಾಡಿಕೊಟ್ಟ. ಮುಂದಿನ ಶುಕ್ರವಾರ ತಾಯಿ ಮಗ ಇಬ್ಬರೂ ಬಂದರು. ಅವಳ ಕೂಲಿ ತಪ್ಪದಂತೆ ಆ ಗುಂಪಿನ ಹೊತ್ತನ್ನು ಸಾಯಂಕಾಲಕ್ಕೆ ತಳ್ಳಿದ್ದೇವೆ. ನಾವು ಮನೆ ಸೇರುವುದು ತಡವಾಗುತ್ತದೆ, ಆಗಲಿ. ಹುಡುಗನಿಗೆ ಇನ್ನೂ ಮಾತು ಬಂದಿಲ್ಲ. ಬರುತ್ತದೆ ಅಂತ ನಾವು ಹೇಳುವುದೂ ಇಲ್ಲ. ಈಗ ಇಪ್ಪತ್ತು ನಿಮಿಷ ಕೂಡುತ್ತಾನೆ, ಪಕ್ಕದ ಮಗುವಿಗೆ ಗೆಜ್ಜೆ ದಾಟಿಸುತ್ತಾನೆ, ಕೊನೆಗೆ ಗಂಟೆಯನ್ನು ಏಳನೆಯ ಕಿಸೆಯಲ್ಲಿ ತಾನೇ ಮಲಗಿಸುತ್ತಾನೆ.

ನಿಮಗೂ ಬೇಕಾದರೆ

ಓದುಗ ಸೋದರಿಯರೇ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಮಗು, ಇಂಥ ಹಿರಿಯರು ಇರಬಹುದು. ಭಜನಾ ಮಂಡಳಿಯ ಸಾಮಾನು ಹೊತ್ತು ಊರೂರು ಹೋಗುವವರೂ ನಿಮ್ಮಲ್ಲಿ ಇದ್ದೀರಿ. ನಾವು ಪೆಟ್ಟು ತಿಂದು ಕಲಿತದ್ದನ್ನು ಸ್ವಲ್ಪದರಲ್ಲಿ ಹೇಳುತ್ತೇನೆ.

1. ಸದ್ದು ಮಾಡುವ ಪ್ರತಿ ಸಾಮಾನನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ.

2. ಹಾಡುವ ಸರದಿಯಲ್ಲೇ ಜೋಡಿಸಿ. ಮೊದಲು ಬೇಕಾದದ್ದು ಮೊದಲು ಕೈಗೆ ಸಿಗಬೇಕು.

3. ಬಾಯಿಗೆ ಹಾಕಿಕೊಂಡ ವಸ್ತುವನ್ನು ಸಾಬೂನು ನೀರಿನಲ್ಲಿ ತೊಳೆಯದೆ ಇನ್ನೊಂದು ಮಗುವಿಗೆ ಕೊಡಬೇಡಿ. ಪೀಪಿ, ಕೊಳಲಿನಂತೆ ಊದುವ ವಸ್ತು ಒಬ್ಬರಿಗೆ ಒಂದೇ ಇರಲಿ. ಅಂಥವನ್ನು ಇಡಲು ಒಂದು ಖಾಲಿ ಚೀಲ ಸದಾ ಜೊತೆಗಿರಲಿ.

4. ಬಿಸಿಲಿನಲ್ಲಿ ಹಿತ್ತಾಳೆ, ಉಕ್ಕಿನ ಸಾಮಾನನ್ನು ಮೊದಲು ನೀವು ಮುಟ್ಟಿ ನೋಡಿ. ಮನೆಗೆ ಬಂದ ಕೂಡಲೇ ಸೆಲ್ ತೆಗೆದಿಡಿ.

5. ಹೊರಡುವಾಗ ಎಣಿಸಿದಷ್ಟೇ ಬರುವಾಗಲೂ ಎಣಿಸಿ. ನಾವು ನೋಟುಬುಕ್ಕಿನಲ್ಲಿ ಸಾಮಾನಿನ ಪಟ್ಟಿ ಬರೆದಿದ್ದೇವೆ. ಪಕ್ಕದಲ್ಲೇ ಯಾವ ಮಗು ಯಾವುದನ್ನು ಇಷ್ಟಪಟ್ಟಿತು, ಯಾವುದಕ್ಕೆ ಹೆದರಿತು ಎಂದು ಎರಡು ಸಾಲು.

6. ಹೊಸದು ಚಂದವಾಗಿದೆ ಎಂದು ಹಳೆಯದನ್ನು ಒಮ್ಮೆಲೇ ಬದಲಿಸಬೇಡಿ. ಇದು ನಾನು ತೆತ್ತ ಬೆಲೆಯ ಮಾತು.

ಮೊನ್ನೆ ಅದೇ ಕಂಡಕ್ಟರಣ್ಣ ಸಿಕ್ಕಿದ್ದ. "ಏನಕ್ಕಾ, ಕಂಪನಿ ಸಣ್ಣದಾಗ್ಯದಲ್ಲಾ!" ಅಂದ. "ಸಣ್ಣದಾದ ಮ್ಯಾಲೇನೇ ಛಲೋ ನಡದದಪ್ಪಾ" ಅಂದೆ.

ಈ ಮಳೆಗಾಲಕ್ಕೆ ಮೊದಲೇ ಇನ್ನೊಂದು ಕೌದಿ ಹೊಲಿದು ಮುಗಿಸಿದ್ದೇನೆ. ಒಂದು ಒಗೆಯಲು ಹೋದರೆ ಇನ್ನೊಂದು ಇರಬೇಕಲ್ಲ. ಅದೇ ಅಳತೆ, 7 ಕಿಸೆ, ಅವೇ ಬಣ್ಣ. ಕೆಂಪಿಗೆ ಮಾತ್ರ ಅಮ್ಮನ ಆ ಇಳಕಲ್ ಸೀರೆಯದೇ ತುಂಡು ಬೇಕೆಂದು ತವರಿನ ಟ್ರಂಕನ್ನೆಲ್ಲಾ ಹುಡುಕಿದೆ. ಸೆರಗಿನದೊಂದು ಅಂಗೈಯಗಲ ಸಿಕ್ಕಿತು. ಹುಡುಗನ ಮುಂದೆ ಅದನ್ನು ಇನ್ನೂ ಹಾಸಿಲ್ಲ. ಮೊದಲು ಕೆಲವು ವಾರ ಹಳೆಯ ಕೌದಿಯ ಕೆಳಗೆ, ಒಂದು ಮೂಲೆ ಮಾತ್ರ ಕಾಣುವಂತೆ ಇಡಬೇಕು ಅಂತ ಅಕ್ಕನ ಮಗಳು ಹೇಳಿದ್ದಾಳೆ. ಬರುವ ಶುಕ್ರವಾರದಿಂದ ಶುರು.